ಇಂಗ್ಲಿಷ್ ಬಾರದವನಿಗೆ ನೊಬೆಲ್!



ಪ್ರತಿ ಅಕ್ಟೋಬರಿನಲ್ಲಿ ಸ್ವೀಡನ್ನಿನಿಂದ ಭೌತಶಾಸ್ತ್ರದ ನೊಬೆಲ್ ಸುದ್ದಿ ಬರುತ್ತದೆ. ಅದರ ಬೆನ್ನಿಗೇ ನಮ್ಮಲ್ಲಿ ಹಳೇ ರಾಗ ಶುರು: ‘ವಿಜ್ಞಾನಕ್ಕೆ ಇಂಗ್ಲಿಷೇ ಗತಿ, ಕನ್ನಡದಲ್ಲಿ ಓದಿ ಏನು ಕಡಿದು ಕಟ್ಟೆ ಹಾಕ್ತೀರಿ?’ ಈ ಮಾತು ಕೇಳಿಯೇ ಎಷ್ಟೋ ಹುಡುಗರು ಪಿಯುಸಿಯಲ್ಲಿ ಹಿಂದಿನ ಬೆಂಚಿಗೆ ಸರಿದರು. ನಾನೂ ಸರಿದವನೇ. ಅಲ್ಲಿಗೇ ಓದು ಮುಗಿಸಿ ಅಚ್ಚಿನ ಯಂತ್ರದ ಮುಂದೆ ನಿಂತೆ. ಹಾಗಾಗಿ ಇದರಲ್ಲಿ ನನ್ನ ಹೊಟ್ಟೆಯುರಿಯೂ ಇದೆ, ಇರಲಿ.

ತೊಶಿಹಿದೆ ಮಸ್ಕಾವಾ ಹೆಸರು ಕೇಳಿದ್ದೀರಾ? 1940ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದವರು. ತಂದೆ ಸಕ್ಕರೆ ವ್ಯಾಪಾರಿ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿದ್ದಾಗ ಕಿರಿಯ ಗೆಳೆಯ ಮಕೋಟೊ ಕೊಬಯಾಶಿ ಜೊತೆ ಒಂದು ಒಗಟು ಹಿಡಿದು ಕೂತರು. ದ್ರವ್ಯಕ್ಕೂ ಪ್ರತಿದ್ರವ್ಯಕ್ಕೂ ನಡತೆಯಲ್ಲಿ ಸಣ್ಣ ವ್ಯತ್ಯಾಸವಿದೆ ಎಂದು 1964ರ ಪ್ರಯೋಗ ತೋರಿಸಿತ್ತು. ಯಾಕೆ ಎಂದು ಯಾರಿಗೂ ತಿಳಿದಿರಲಿಲ್ಲ. ಪ್ರೋಟಾನಿನ ಒಳಗಿರುವ ಕ್ವಾರ್ಕ್ ಎಂಬ ಕಣಗಳಲ್ಲಿ ಆಗ ಗೊತ್ತಿದ್ದದ್ದು ಮೂರೇ ಬಗೆ. ನಾಲ್ಕು ಇಟ್ಟುಕೊಂಡು ಲೆಕ್ಕ ಹಾಕಿದರೂ ತಾಳೆಯಾಗಲಿಲ್ಲ. ಇನ್ನು ಕೈಬಿಡೋಣ ಎಂದುಕೊಂಡು ಸ್ನಾನದ ತೊಟ್ಟಿಯಿಂದ ಎದ್ದಾಗ ಮಸ್ಕಾವಾರಿಗೆ ಹೊಳೆಯಿತಂತೆ: ನಾಲ್ಕಲ್ಲ, ಆರು!

1973ರಲ್ಲಿ ಪ್ರಬಂಧ ಅಚ್ಚಾಯಿತು. ನಾಲ್ಕನೆಯದು 1974ರಲ್ಲಿ ಸಿಕ್ಕಿತು, ಐದನೆಯದು 1977ರಲ್ಲಿ. ಆರನೆಯದು ಅಮೆರಿಕದ ಫರ್ಮಿಲ್ಯಾಬಿನಲ್ಲಿ ಸಿಕ್ಕಿದ್ದು 1995ರಲ್ಲಿ. ಕಾಗದದ ಮೇಲಿನ ಲೆಕ್ಕ ಇಪ್ಪತ್ತೆರಡು ವರ್ಷ ಕಾದು ನಿಜವಾಯಿತು.

2008ರಲ್ಲಿ ನೊಬೆಲ್ ಬಂತು. ಅರ್ಧ ಯೊಇಚಿರೊ ನಂಬು ಅವರಿಗೆ, ಉಳಿದರ್ಧ ಇವರಿಬ್ಬರಿಗೆ. ಅಲ್ಲಿಯವರೆಗೆ ಮಸ್ಕಾವಾರ ಬಳಿ ಪಾಸ್‌ಪೋರ್ಟೇ ಇರಲಿಲ್ಲ! ಸ್ಟಾಕ್‌ಹೋಮಿನ ವೇದಿಕೆ ಹತ್ತಿ, ತನಗೆ ಇಂಗ್ಲಿಷ್ ಮಾತಾಡಲು ಬಾರದು ಎಂದು ಹೇಳಿ, ನೊಬೆಲ್ ಉಪನ್ಯಾಸವನ್ನು ಜಪಾನಿ ಭಾಷೆಯಲ್ಲೇ ಕೊಟ್ಟರು. ಆ ಸಭೆ ಕೂತು ಕೇಳಿತು. 2021ರಲ್ಲಿ ತೀರಿಕೊಂಡರು.

ಒಂದು ಮಾತು ಮುಚ್ಚಿಡಬಾರದು. ಆ 1973ರ ಪ್ರಬಂಧ ಇದ್ದದ್ದು ಇಂಗ್ಲಿಷಿನಲ್ಲೇ. ಆದರೆ ಅಚ್ಚಾದದ್ದು ಯುಕಾವಾ ಎಂಬ ವಿಜ್ಞಾನಿ 1946ರಲ್ಲಿ ಕ್ಯೋಟೋದಲ್ಲೇ ಶುರುಮಾಡಿದ ಪತ್ರಿಕೆಯಲ್ಲಿ. ಆ ಯುಕಾವಾ 1949ರಲ್ಲಿ ಜಪಾನಿಗೆ ಮೊದಲ ನೊಬೆಲ್ ತಂದವರು. ಲೋಕಕ್ಕೆ ತಿಳಿಸಲು ಅವರಿಗೂ ಇಂಗ್ಲಿಷ್ ಬೇಕಾಯಿತು. ಕಲಿಯಲು, ಯೋಚಿಸಲು, ಗೆಳೆಯನ ಜೊತೆ ಜಗಳಾಡಲು ಬೇಕಾಗಲಿಲ್ಲ. ಯಾಕೆಂದರೆ ವಿಶ್ವವಿದ್ಯಾಲಯದ ಪುಸ್ತಕಗಳು ಅವರ ಭಾಷೆಯಲ್ಲೇ ಇದ್ದವು. ಅವು ಆಕಾಶದಿಂದ ಉದುರಿದ್ದಲ್ಲ ಸ್ವಾಮಿ, ಹಿಂದಿನವರು ಕೂತು ಬರೆದದ್ದು.

ನಮ್ಮಲ್ಲೂ ಬರೆಯುವವರು ಇದ್ದರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ. ಅದು ಬಹಳ ಕಾಲ ಬಾಳಲಿಲ್ಲ. ನೂರು ವರ್ಷ ಕಳೆದು ನಾವೇನು ಮಾಡುತ್ತಿದ್ದೇವೆ? ಬೋರ್ಡಿಗೆ ಮಸಿ ಬಳಿಯುತ್ತಿದ್ದೇವೆ. ಬೇಡ ಎನ್ನುತ್ತಿಲ್ಲ. ಆದರೆ ನನ್ನ ಪ್ರೆಸ್ಸಿಗೆ ಬರುವುದು ಲಗ್ನಪತ್ರಿಕೆ, ಬಿಲ್ ಬುಕ್ಕು, ನಮ್ಮದೇ ಹೋರಾಟದ ಪೋಸ್ಟರು. ಇಷ್ಟು ವರ್ಷಗಳಲ್ಲಿ ಡಿಗ್ರಿ ಮಟ್ಟದ ಒಂದೇ ಒಂದು ಭೌತಶಾಸ್ತ್ರದ ಪುಸ್ತಕ ಕನ್ನಡದಲ್ಲಿ ನನ್ನ ಮೆಷಿನ್ ಮೇಲೆ ಹತ್ತಿಲ್ಲ.

ಬಿಎಸ್ಸಿ, ಇಂಜಿನಿಯರಿಂಗ್ ಓದುತ್ತಿರುವ ಗೆಳೆಯರು ಈ ಪತ್ರಿಕೆ ಹಂಚುವವರಲ್ಲೇ ಎಷ್ಟು ಜನರಿದ್ದೀರಿ! ನಿಮಗೆ ಚೆನ್ನಾಗಿ ಅರ್ಥವಾದ ಒಂದೇ ಒಂದು ಅಧ್ಯಾಯವನ್ನು ನಿಮ್ಮ ತಮ್ಮನಿಗೆ ತಿಳಿಯುವ ಕನ್ನಡದಲ್ಲಿ ಬರೆದು ತನ್ನಿ. ಕರಡು ನಾನೇ ತಿದ್ದುತ್ತೇನೆ, ತಪ್ಪಿದ್ದರೆ ನಿಮ್ಮ ಮೇಷ್ಟ್ರಿಗೆ ತೋರಿಸೋಣ. ಕಾಗದದ ದುಡ್ಡು ಮಾತ್ರ ಕೊಡಿ. ಅಚ್ಚಿನ ಕೂಲಿ ಬೇಡ.