ಸಂಕಮ್ಮನನ್ನು ಕುಣಿಸಿದವರು

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು ‘ಕೋಲುಮಂಡೆ ಜಂಗಮದೇವರು’ ಎಂಬ ಜನಪದ ಗೀತೆಯನ್ನು ರ‍್ಯಾಪ್ ಧಾಟಿಗೆ ಒಗ್ಗಿಸಿ, ದೃಶ್ಯಚಿತ್ರದೊಡನೆ ಯೂಟ್ಯೂಬಿನಲ್ಲಿ ಬಿಡುಗಡೆ ಮಾಡಿದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆಯೆಂದು ಮಲೆಯ ಮಹದೇಶ್ವರನ ಭಕ್ತರು ಕೆರಳಿದರು. ಗಾಯಕರು ಕ್ಷಮೆ ಯಾಚಿಸಿದರು, ಚಿತ್ರವನ್ನು ತೆಗೆದುಹಾಕಲಾಯಿತು. ಅಲ್ಲಿಗೆ ಎಲ್ಲರೂ ಕೈತೊಳೆದುಕೊಂಡರು. ನಾವು ಮಾತ್ರ ಅಷ್ಟಕ್ಕೆ ಸುಮ್ಮನಾಗಲಾರೆವು.

ರ‍್ಯಾಪ್ ಮಾಡಿದ್ದೇ ಅಪಚಾರವೆಂದು ಕೆಲವರು ವಾದಿಸಿದರು. ಈ ವಾದ ನಮಗೆ ಒಪ್ಪಿಗೆಯಿಲ್ಲ. ಕಂಸಾಳೆಯ ಇಬ್ಬರು ಗಾಯಕರು ಒಂದೇ ಕಥೆಯನ್ನು ಒಂದೇ ಬಗೆಯಾಗಿ ಹಾಡಿದ್ದುಂಟೇ? 1996ರ ‘ಜನುಮದ ಜೋಡಿ’ ಚಲನಚಿತ್ರಕ್ಕಾಗಿ ವಿ. ಮನೋಹರ್ ಇದೇ ಗೀತೆಗೆ ಸಂಗೀತವನ್ನು ಅಳವಡಿಸಿದರು, ಎಲ್.ಎನ್. ಶಾಸ್ತ್ರಿಯವರು ಹಾಡಿ ರಾಜ್ಯಪ್ರಶಸ್ತಿ ಪಡೆದರು. ಶಿಶುನಾಳ ಷರೀಫರ ಪದಗಳನ್ನು ರಘು ದೀಕ್ಷಿತರು 2008ರ ತಮ್ಮ ಧ್ವನಿಮುದ್ರಿಕೆಯಲ್ಲಿ ಗಿಟಾರಿನ ಅಬ್ಬರದೊಡನೆ ಹಾಡಿದಾಗ ಷರೀಫರೇನೂ ಕುಗ್ಗಲಿಲ್ಲ. ವಾದ್ಯ ಬದಲಾದರೆ ಹಾಡು ಸಾಯುವುದಿಲ್ಲ.

ನಮ್ಮ ಆಕ್ಷೇಪಣೆಯೇ ಬೇರೆ. ಸಂಕಮ್ಮನೆಂದರೆ ಯಾರು? ಕಾಡಿಗೆ ಹೊರಟ ಗಂಡ ನೀಲಯ್ಯನು ಅವಳ ಶೀಲವನ್ನು ಶಂಕಿಸಿ, ತಾನು ಹಿಂದಿರುಗುವವರೆಗೆ ಪರಪುರುಷರನ್ನು ನೋಡೆನೆಂದು ಭಾಷೆ ಕೊಡು ಎನ್ನುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ತಪ್ಪು ಮಾಡದವಳು ಆಣೆಯನ್ನೇಕೆ ಇಡಬೇಕು? ಆ ಒಂದು ನಿರಾಕರಣೆಗಾಗಿ ಹಿಂಸೆಯುಣ್ಣುತ್ತಾಳೆ. ನಿರ್ಜನವಾದ ಅಡವಿಯ ಗುಡಿಸಲಿನಲ್ಲಿ ಸೆರೆಯಾಗುತ್ತಾಳೆ. ಮಾದಪ್ಪನು ಜಂಗಮನ ವೇಷದಲ್ಲಿ ಭಿಕ್ಷೆಗೆ ಬರುವುದು ಈ ಗುಡಿಸಲಿನ ಬಾಗಿಲಿಗೆ! ಪಾಶ್ಚಾತ್ಯ ರಾಕ್ ಗಾಯಕರು ತಮ್ಮ ಹಾಡಿನ ಚಿತ್ರಕ್ಕೆ ಭೀತಿಯನ್ನೂ ಕತ್ತಲೆಯನ್ನೂ ಹಣ ಚೆಲ್ಲಿ ಕಟ್ಟಿಸಿಕೊಳ್ಳುತ್ತಾರೆ. ನಮ್ಮವರಿಗೆ ಆ ಕತ್ತಲೆ ಕಥೆಯಲ್ಲಿಯೇ ಸಿದ್ಧವಾಗಿತ್ತು. ಅದನ್ನು ಬಿಟ್ಟು ಕುಣಿತವನ್ನು ಆರಿಸಿಕೊಂಡರು. ಗಂಡನ ಸಂಶಯದ ಕಣ್ಣಿಗೆ ತಲೆಬಾಗದ ಹೆಣ್ಣನ್ನು ನೋಡುಗರ ಕಣ್ಣಿಗೆ ಒಪ್ಪಿಸಿದ್ದು ರಸಿಕತೆಯಲ್ಲ, ಕಥೆಯನ್ನು ಓದದವರ ಸೋಮಾರಿತನ.

ಆದರೆ ಪ್ರತಿಭಟಿಸಿದವರಲ್ಲಿ ಎಷ್ಟು ಮಂದಿ ಓದಿದ್ದರು? ಭಾವನೆಗೆ ಧಕ್ಕೆಯಾಯಿತೆಂದರೇ ಹೊರತು, ಸಂಕಮ್ಮನು ಭಾಷೆ ಕೊಡಲೊಲ್ಲದ ಮಾತನ್ನು ಎತ್ತಿದವರು ನಮ್ಮ ಕಣ್ಣಿಗೆ ಬೀಳಲಿಲ್ಲ. ಅದನ್ನೆತ್ತಿದ್ದರೆ ತಂತಮ್ಮ ಮನೆಯ ಹೆಣ್ಣುಮಕ್ಕಳಿಗೂ ಉತ್ತರ ಹೇಳಬೇಕಾಗುತ್ತಿತ್ತೋ ಏನೋ.

ಚಾಮರಾಜನಗರದ ಬೆಟ್ಟದ ಹಾಡಿಗೂ ಕೋಸಗಿಗೂ ಏನು ಸಂಬಂಧವೆಂದು ಕೇಳುವವರುಂಟು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಪಠ್ಯಪುಸ್ತಕ, ಮನೆಮಾತು, ಉರುಕುಂದದ ಈರಣ್ಣನ ಜಾತ್ರೆಯಲ್ಲಿ ಕಿವಿಗೆ ಬಿದ್ದ ಪದ, ಇಷ್ಟೇ. ಈಗ ಇವುಗಳ ಜೊತೆಗೆ ಅಂಗೈಯ ಫೋನೂ ಸೇರಿದೆ. ಆ ಹಾಡು ಬಂದ ಕಾಲಕ್ಕೆ ರೋಗಭೀತಿಯಿಂದ ಶಾಲೆಗಳು ಮುಚ್ಚಿದ್ದವು. ಮೇಷ್ಟರಿಲ್ಲ, ಗ್ರಂಥಾಲಯವಿಲ್ಲ, ಫೋನೊಂದೇ ಗುರು. ಮೈಸೂರು ಸೀಮೆಯ ಹುಡುಗನಿಗೆ ಕೆಟ್ಟ ಚಿತ್ರವನ್ನು ಅಲ್ಲಗಳೆಯಲು ಅಜ್ಜಿಯ ಬಾಯಿಯ ಕಥೆಯುಂಟು. ನಮ್ಮ ಹುಡುಗನಿಗೆ ಆ ನಾಲ್ಕು ನಿಮಿಷಗಳೇ ಮಾದೇಶ್ವರನ ಕಾವ್ಯ! ಚಿತ್ರವನ್ನು ತೆಗೆದುಹಾಕಿದ್ದರಿಂದ ಅವನಿಗೆ ದಕ್ಕಿದ್ದೇನು? ಕೆಟ್ಟದ್ದು ಹೋಯಿತು, ಒಳ್ಳೆಯದು ಬರಲಿಲ್ಲ.

ಡಾ. ಪಿ.ಕೆ. ರಾಜಶೇಖರರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ ಬಹುಕಾಲದ ಹಿಂದೆಯೇ ಅಚ್ಚಾಗಿದೆ. ಅದರಲ್ಲಿಯ ಸಂಕಮ್ಮನ ಸಾಲನ್ನು ಬರುವ ಶ್ರಾವಣದೊಳಗೆ ತರಗತಿಯಲ್ಲಿ ಓದಿ ಹೇಳಬಲ್ಲ ಉಪಾಧ್ಯಾಯ ಬಂಧುಗಳು ಸಂಘಕ್ಕೆ ಹೆಸರು ಕೊಡಬೇಕು. ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.