ನಿದ್ದೆ ಬಾರದ್ದು ಬರೀ ವಯಸ್ಸಿಂದಲ್ಲ

ಮಸೀದಿಗಳ ಸಫ್‌ಗಳಲ್ಲಿ ಕುರ್ಚಿ ಹೆಚ್ಚುತ್ತಿರುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಮಂಡಿ ನೋವಾ ಎಂದು ಕೇಳಿದರೆ ಕೆಲವರು ಹೌದೆನ್ನುತ್ತಾರೆ. ಇನ್ನು ಕೆಲವರದು ಬೇರೆ ಉತ್ತರ: "ನೋವೇನಿಲ್ಲ ಉಸ್ತಾದ್, ಸುಜೂದಿಂದ ಏಳೋಕೆ ಕಾಲಲ್ಲಿ ಬಲಾನೇ ಇಲ್ಲ." ಅದರ ಬೆನ್ನಿಗೇ ಮತ್ತೊಂದು ದೂರು, "ರಾತ್ರಿ ಎರಡಕ್ಕೇ ಎಚ್ಚರ ಆಗ್ಬಿಡುತ್ತೆ." ಕೋಟೆಯ ಹಿರಿಯರ ಬಾಯಲ್ಲಿ ಈ ಎರಡೂ ಮಾತು ಜೋಡಿಯಾಗಿಯೇ ಬರುತ್ತವೆ. ಮನೆಯವರು ಒಂದಕ್ಕೆ ಕುರ್ಚಿ, ಇನ್ನೊಂದಕ್ಕೆ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಯೋಚಿಸುವುದಿಲ್ಲ.

ವಯಸ್ಸಿನ ಜೊತೆ ಸ್ನಾಯು ಸವೆದು ಬಲ ಕುಂದುವುದನ್ನು ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಸ್ನಾಯುವಿನ ರಿಪೇರಿಗೆ ಬೇಕಾದ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲಿ. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದ ಯುವಕ ಯುವತಿಯರಲ್ಲೇ ಹೊಸ ಸ್ನಾಯು ಕಟ್ಟುವ ಕೆಲಸ ಶೇ. 18ರಷ್ಟು ಇಳಿದಿತ್ತೆಂದು 2021ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡರು. ದಿನವೂ ನಿದ್ದೆಗೆಡುವ ಎಪ್ಪತ್ತರ ದೇಹದ ಗತಿ ಏನು? ಇನ್ನೊಂದು ಕಡೆಯಿಂದ ನೋಡಿ. ಕಾಲಲ್ಲಿ ಬಲ ಇಲ್ಲದವರು ಇಡೀ ದಿನ ಕೂತಲ್ಲೇ ಕೂರುತ್ತಾರೆ, ಅಸರ್ ತನಕ ತೂಕಡಿಸುತ್ತಾರೆ. ದಣಿಯದ ದೇಹಕ್ಕೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?

ಭದ್ರಾವತಿಯಲ್ಲಿ ಇದಕ್ಕೊಂದು ಕಾರಣ ಜಾಸ್ತಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲಿನ ಕಾಗದದ ಕಾರ್ಖಾನೆ, ಎರಡರಲ್ಲೂ ಪಾಳಿ ಕೆಲಸ ಇತ್ತು. ಮೂವತ್ತು ವರ್ಷ ನೈಟ್ ಶಿಫ್ಟ್ ಮಾಡಿದವರ ನಿದ್ದೆಯ ಲಯ ರಿಟೈರ್ ಆದ ಮರುದಿನವೇ ಸರಿಹೋಗುವುದಿಲ್ಲ. ಅಷ್ಟು ದಿನ ಭಾರ ಎತ್ತಿದ ತೋಳು ಒಮ್ಮೆಲೇ ಜಗಲಿ ಸೇರಿದರೆ ಬಲವೂ ಹೋಗುತ್ತದೆ.

ನಮಗೆ ಭಯ ಇರುವುದು ಮಾತ್ರೆಯ ಬಗ್ಗೆ. ಚೀಟಿ ಇಲ್ಲದೆ ಮೆಡಿಕಲ್‌ನಿಂದ ತಂದದ್ದೋ, ಯಾರಿಗೋ ಬರೆದುಕೊಟ್ಟದ್ದೋ, ಅಜ್ಜನ ಬಾಯಿಗೆ ಬೀಳುತ್ತದೆ. ಕೋಟೆಯ ಕೆಲವು ಹಳೆ ಮನೆಗಳಲ್ಲಿ ಕಕ್ಕಸು ಈಗಲೂ ಹಿತ್ತಿಲಲ್ಲಿ, ಅದಕ್ಕೂ ಎರಡು ಮೆಟ್ಟಿಲು. ಮಾತ್ರೆಯ ಮಂಪರು, ಬಲವಿಲ್ಲದ ಕಾಲು, ಕತ್ತಲೆ. ಸೊಂಟದ ಮೂಳೆ ಮುರಿದರೆ ಆ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ವೈದ್ಯರೇ ಕೊಟ್ಟ ಮಾತ್ರೆಯಾದರೆ ಒಮ್ಮೆಲೇ ನಿಲ್ಲಿಸಬಾರದು, ಅವರನ್ನೇ ಕೇಳಬೇಕು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರು, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ಮೊದಲು ಅದನ್ನೇ ತೋರಿಸಬೇಕು. ಕಾರಣ ಸಕ್ಕರೆ ಕಾಯಿಲೆಯೋ ಪ್ರೋಸ್ಟೇಟೋ ಇರಬಹುದು.

ನಮ್ಮ ಮನೆಗಳ ಅಕ್ಕರೆಯೂ ಇದರಲ್ಲಿ ಪಾಲುದಾರ. "ಉಮ್ಮಾ, ನೀವು ಕೂತ್ಕೊಳ್ಳಿ, ನಾವು ಮಾಡ್ತೇವೆ" ಎಂದು ಕೈಯಲ್ಲಿದ್ದ ಪಾತ್ರೆಯನ್ನೂ ಕಸಿದುಕೊಳ್ಳುತ್ತೇವೆ. ನೀರು ತರಲಿ, ಬಟ್ಟೆ ಒಣಗಿಸಲಿ, ಸಂಜೆ ತುಂಗೆಯ ದಂಡೆ ತನಕ ಯಾರಾದರೂ ಜೊತೆಗೆ ಕರೆದುಕೊಂಡು ಹೋಗಲಿ. ನಡಿಗೆಯೊಂದೇ ಸಾಲದು, ಸ್ನಾಯುವಿಗೆ ಭಾರವೂ ಬೀಳಬೇಕು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅರ್ಧ ಲೀಟರಿನ ನೀರಿನ ಬಾಟ್ಲಿ ಎತ್ತುವುದು ಸಾಕು ಶುರುವಿಗೆ. ಊಟದ್ದು ಇನ್ನೊಂದು ಕಥೆ. ಹಲ್ಲಿಲ್ಲ ಎಂದು ರಾತ್ರಿ ಗಂಜಿ, ಉಪ್ಪಿನಕಾಯಿ ಕೊಟ್ಟು ಮಲಗಿಸುತ್ತೇವೆ. ಮುದಿ ದೇಹಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ ತಜ್ಞರು. 60 ಕೆಜಿಯವರಿಗೆ ದಿನಕ್ಕೆ 60 ಗ್ರಾಂ ಆದರೂ ಆಯಿತು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಗಂಜಿಗೆ ಹೆಸರುಕಾಳು, ಮೀನು ಸೇರಲಿ (ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ). ಇಶಾ ಕಳೆದ ಮೇಲಿನ ಚಾ ಮಾತ್ರ ಬೇಡ.

ಜಮಾಅತ್‌ಗಳು ಬಿಪಿ, ಶುಗರ್ ಕ್ಯಾಂಪ್ ಮಾಡುತ್ತವೆ, ಒಳ್ಳೆಯದೇ. ಅದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಿ ಎಂಬುದು ನಮ್ಮ ಕೋರಿಕೆ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಲೆಕ್ಕದಂತೆ, 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬ ಹುಡುಗ ಇರಲಿ. ನಿದ್ದೆ ಹೇಗೆ ಬರುತ್ತೆ, ಯಾವ ಮಾತ್ರೆ ತಗೊಳ್ತೀರಿ ಅಂತಲೂ ಆಗಲೇ ಕೇಳಿ ಚೀಟಿಯಲ್ಲಿ ಬರೆದುಕೊಡಿ. ಆ ಚೀಟಿ ಹಿಡಿದು ಮೆಗ್ಗಾನ್ ಆಸ್ಪತ್ರೆಗೆ ಹೋದರೆ, ಅಜ್ಜ ಬಿದ್ದ ಮೇಲೆ ಕೇಳುವ ಪ್ರಶ್ನೆಗಳನ್ನು ವೈದ್ಯರು ಬೀಳುವ ಮುಂಚೆಯೇ ಕೇಳಬಹುದು.