ಗುಡ್ಡೆಯ ಮೇಲೆ ಸಿಕ್ಕಿದ ಕನ್ನಡಿಗ

ಮೊನ್ನೆ ಆದಿತ್ಯವಾರ ಬೆಳಗ್ಗೆ ಒಬ್ಬನೇ ಪೊಸಡಿಗುಂಪೆ ಹತ್ತಿದೆ. ಧರ್ಮತ್ತಡ್ಕದ ಹತ್ತಿರದ ಈ ಗುಡ್ಡೆ ನಮ್ಮ ಕಡೆಯವರಿಗೆ ಹೊಸತಲ್ಲ. ಎತ್ತರ ಸುಮಾರು 1,060 ಅಡಿ. ಆಕಾಶ ಶುಭ್ರವಾಗಿದ್ದರೆ ಪಡುವಣಕ್ಕೆ ಅರಬ್ಬೀ ಸಮುದ್ರ, ಬಡಗಿಗೆ ಮಂಗಳೂರು, ಕುದುರೆಮುಖದ ಸಾಲು ಕಾಣುತ್ತದೆ. ನಾನು ನೋಟಕ್ಕಾಗಿ ಹೋದದ್ದಲ್ಲ. ಬರುವ ವರ್ಷ ನಮ್ಮ ಒಂದನೇ ತರಗತಿಗೆ ಎಷ್ಟು ಮಕ್ಕಳು ಬಂದಾರು ಎಂಬ ಲೆಕ್ಕದಲ್ಲಿ ತಲೆಬಿಸಿಯಾಗಿ ರಾತ್ರಿ ನಿದ್ದೆ ಬಂದಿರಲಿಲ್ಲ.

ತುದಿಯಲ್ಲಿ ಮೂವತ್ತು ವರ್ಷದ ಆಸುಪಾಸಿನ ಒಬ್ಬಾತ ಮೊಬೈಲು ಎತ್ತಿ ಹಿಡಿದುಕೊಂಡು ಅತ್ತಿತ್ತ ತಿರುಗುತ್ತಿದ್ದ. ನನ್ನನ್ನು ಕಂಡು, "ಚೇಟ್ಟಾ, ಇವಿಡೆ ರೇಂಜ್ ಉಂಡೋ?" ಎಂದ. ಹರಕು ಮಲಯಾಳ. ನಾನೂ ಮಲಯಾಳದಲ್ಲೇ, ಆಚೆ ಬಂಡೆಯ ಹತ್ತಿರ ಹೋದರೆ ಸಿಗುತ್ತದೆ ಎಂದೆ. ಹೋದ. ಎರಡು ನಿಮಿಷದಲ್ಲಿ ಆ ಕಡೆಯಿಂದ ದೊಡ್ಡ ಸ್ವರ ಕೇಳಿತು: "ಯವ್ವಾ, ಆರಾಮ್ ಅದಿಯೇನು?"

ನಗು ಬಂತು, ಮರುಕ್ಷಣ ನಾಚಿಕೆಯೂ ಆಯಿತು. ಇಬ್ಬರು ಕನ್ನಡದವರು ಗುಡ್ಡೆಯ ತುದಿಯಲ್ಲಿ ನಿಂತು ಹರಕು ಮಲಯಾಳದಲ್ಲಿ ಮಾತಾಡಿದ್ದೆವು!

ಆತ ಗದಗದ ಕಡೆಯವನು. ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ. ಹೊಂಡದಲ್ಲಿ ರೇಂಜ್ ಸಿಗುವುದಿಲ್ಲವೆಂದು ರಜೆಯ ದಿನ ತಾಯಿಗೆ ಫೋನು ಮಾಡಲು ಗುಡ್ಡೆ ಹತ್ತುತ್ತಾನಂತೆ. ಹೆಂಡತಿ, ಮಗಳು ಜೊತೆಗೇ ಇದ್ದಾರೆ. ಮಗಳಿಗೆ ಎಂಟು ವರ್ಷ. "ಊರಾಗ ಸಾಲಿಗೆ ಹೋಗ್ತಿದ್ಲು ಸರ. ಇಲ್ಲಿ ಬಂದ ಮ್ಯಾಲೆ ಬಿಡಿಸೀವಿ. ಮಲಯಾಳಿ ಸಾಲ್ಯಾಗ ಅಕಿಗೇನ್ ತಿಳೀತೈತ್ರಿ?"

ನಾನು ಮೇಷ್ಟ್ರು, ಅದೂ ಕನ್ನಡ ಶಾಲೆಯ ಮೇಷ್ಟ್ರು ಎಂದೆ. ಆತ ನಂಬಲಿಲ್ಲ. "ಕೇರಳದಾಗ ಕನ್ನಡ ಸಾಲಿ ಐತೇನ್ರಿ?"

ಬೆಂಗಳೂರಿನವರು ಯಾರಾದರೂ "ಕೇರಳದಲ್ಲಿದ್ದೂ ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ" ಎಂದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ! 1956ರ ಕತೆ ಹೇಳುತ್ತೇವೆ, 1967ರ ಮಹಾಜನ ವರದಿಯನ್ನು ತೆಗೆಯುತ್ತೇವೆ, ಗೋವಿಂದ ಪೈಗಳ, ಕಯ್ಯಾರರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇವೆ. ಇವನಿಗೆ ಯಾವ ಬಾಯಿಯಿಂದ ಸಿಟ್ಟು ಮಾಡಲಿ? ಅವನ ಶೆಡ್ಡಿನಿಂದ ಒಂದು ಕನ್ನಡ ಶಾಲೆಗೆ ನಡೆದೇ ಹೋಗಬಹುದು. ಅವನಿಗೆ ಹೇಳಬೇಕಾದವರು ಯಾರು? ಸರಕಾರವೇ? ಅಲ್ಲ, ನಾವು!

ಸ್ನೇಹಿತರೇ, ಕಹಿಯಾದರೂ ಹೇಳುತ್ತೇನೆ. 2017ರಲ್ಲಿ ಮಲಯಾಳ ಕಡ್ಡಾಯವಾದಾಗ ನಾವು ಬೀದಿಗಿಳಿದೆವು. ಇಳಿಯಲೇಬೇಕಿತ್ತು. ಆದರೆ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೇ ದಿನದ ತಲೆಎಣಿಕೆಯಲ್ಲಿ ಮಕ್ಕಳು ಸಾಲದಿದ್ದರೆ ಹುದ್ದೆ ಹೋಗುತ್ತದೆ. ಆ ಎಣಿಕೆಗೆ ಘೋಷಣೆ ಕೇಳಿಸುವುದಿಲ್ಲ, ಬೆಂಚಿನಲ್ಲಿ ಕೂತ ಮಗು ಮಾತ್ರ ಕಾಣುತ್ತದೆ. ಮಕ್ಕಳನ್ನು ಹುಡುಕಿಕೊಂಡು ನಾವು ಹೋಗುವುದು ಎಲ್ಲಿಗೆ? ಅದೇ ಹಳೇ ಮನೆಗಳಿಗೆ. ಅಲ್ಲಿನ ಮಗುವಿಗಾಗಲೇ ಇಂಗ್ಲಿಷ್ ಮೀಡಿಯಂ ವ್ಯಾನು ಗೊತ್ತಾಗಿರುತ್ತದೆ. ಕೋರೆಯ ಶೆಡ್ಡಿಗೆ, ಕಟ್ಟಡ ಕೆಲಸದವರ ಬಾಡಿಗೆ ಕೋಣೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ನಾನು ಹೋಗಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಬಂದ ಉತ್ತರಗಳು ನಿಮಗೂ ಗೊತ್ತಿರುವಂಥವೇ.

"ಅವರು ನಿಲ್ಲುವವರಲ್ಲ, ಆರು ತಿಂಗಳಲ್ಲಿ ಹೋಗುತ್ತಾರೆ." ಹೋಗಲಿ. ಆರು ತಿಂಗಳು ಓದಿದ ಮಗು ಆರು ತಿಂಗಳು ಓದದ ಮಗುವಿಗಿಂತ ಮೇಲಲ್ಲವೇ? ಊರಿಗೆ ಮರಳಿದಾಗ ಕನ್ನಡ ಓದು ತಪ್ಪಿರುವುದಿಲ್ಲ.

"ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ." 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದಿ ನೋಡಿ. ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ದಾಖಲಾತಿ ನಿರಾಕರಿಸುವಂತಿಲ್ಲ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು.

"ಅವರ ಕನ್ನಡ ಬೇರೆ, ನಮ್ಮ ಮಕ್ಕಳ ಭಾಷೆ ಹಾಳಾದೀತು." ಇದನ್ನು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ನಮ್ಮ ತರಗತಿಯ ಮಕ್ಕಳ ಮನೆಮಾತು ಏನು? ತುಳು, ಕೊಂಕಣಿ, ಬ್ಯಾರಿ, ಮರಾಟಿ, ಹವ್ಯಕ. ಅವರಲ್ಲಿ ಎಷ್ಟೋ ಮಂದಿ ಕನ್ನಡ ಕಲಿಯುವುದೇ ಶಾಲೆಯಲ್ಲಿ. ಗದಗದ ಆ ಹುಡುಗಿ ಬರುವಾಗಲೇ ಬಾಯಿತುಂಬ ಕನ್ನಡ ತರುತ್ತಾಳೆ. "ಐತಿ" ಅಂದರೆ ಕನ್ನಡ ಹಾಳಾಗುತ್ತದೆಯೇ? ನಮ್ಮ "ಉಂಟು" ಕೇಳಿ ಅವರು ಹಾಗೆಂದರೆ ನಾವು ಸುಮ್ಮನಿರುತ್ತೇವೆಯೇ?

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಬೇಕು ಎನ್ನುವ ಸಂವಿಧಾನದ 350ಎ ವಿಧಿಯನ್ನು ನಾವು ಮನವಿಗಳಲ್ಲೆಲ್ಲ ಬರೆಯುತ್ತೇವೆ. ಅದರಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳು ಎಂದಿದೆ, ಜಾಗ ಇದ್ದವರ ಮಕ್ಕಳು ಎಂದಿಲ್ಲ. ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗಾಗಿ 'ರೋಶ್ನಿ' ಯೋಜನೆ ಶುರುವಾಯಿತು. ಅಲ್ಲಿ ಆ ಮಕ್ಕಳ ಮನೆಮಾತು ಬಲ್ಲವರನ್ನು ಹುಡುಕಿ ತರಬೇಕಾಯಿತು. ಇಲ್ಲಿ ನಮ್ಮ ಹತ್ತಿರ ಮೇಷ್ಟ್ರು, ಪಠ್ಯಪುಸ್ತಕ, ಮಧ್ಯಾಹ್ನದ ಊಟ, ಕಟ್ಟಡ ಎಲ್ಲವೂ ಕನ್ನಡದ್ದೇ ಇದೆ. ಇಲ್ಲದ್ದು ಮಕ್ಕಳು ಮಾತ್ರ!

ಸೋಮವಾರ ಸಂಜೆ ಆ ಶೆಡ್ಡಿಗೆ ಹೋದೆ. ಶಾಲೆಗೆ ಹೋಗುವ ವಯಸ್ಸಿನ ಐದು ಮಕ್ಕಳಿದ್ದರು. ಒಬ್ಬಳಲ್ಲ, ಐದು. ಬರುತ್ತಾರೋ ಇಲ್ಲವೋ ಈಗಲೇ ಹೇಳಲಾರೆ. ಒಬ್ಬ ಹುಡುಗ ತಮ್ಮನನ್ನು ನೋಡಿಕೊಳ್ಳಬೇಕು, ರಸ್ತೆಯಲ್ಲಿ ಟಿಪ್ಪರುಗಳ ಓಡಾಟ ಬೇರೆ. ನಡೆಸಿಕೊಂಡು ಬರಲು ಯಾರಾದರೂ ಬೇಕು. ಈ ವಾರ ಪಿಟಿಎ ಸಭೆಯಲ್ಲಿ ಅದನ್ನೇ ಕೇಳುವವನಿದ್ದೇನೆ.

ನೀವೂ ಜೂನ್ ತನಕ ಕಾಯಬೇಡಿ. ಮುಂದಿನ ಪ್ರತಿಭಟನೆಗೆ ನಾನೂ ಬರುತ್ತೇನೆ, ಬ್ಯಾನರಿನ ಒಂದು ತುದಿ ಹಿಡಿಯುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಹೇಳಿ: ನಿಮ್ಮ ಶಾಲೆಯಿಂದ ಹತ್ತಿರದ ಕೋರೆಗೆ ಎಷ್ಟು ದೂರ?